ಸೋಮವಾರ ಸಿಕ್ಕ ಮೀನು

ಅಪ್ಪನ ದನಿ ತೆಗೆಯುವುದು ಬಹಳ ಸುಲಭ. ಚಳಿಗಾಲದ ಬೆಳಿಗ್ಗೆ ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಹಾಗೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕು. ಆಮೇಲೆ ಒಂದು ‘ಊಂ’. ಆಮೇಲೆ ಮಾತು, ಅದೂ ಅರ್ಧ ಮಾತ್ರ. ಉಳಿದರ್ಧವನ್ನು ಕೇಳಿಸಿಕೊಂಡವರೇ ತುಂಬಿಕೊಳ್ಳಬೇಕು. ಹೊಳೆನರಸೀಪುರದ ನಮ್ಮ ಗೊಬ್ಬರದ ಅಂಗಡಿಯಲ್ಲಿ ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಯಾರಾದರೂ ಚೌಕಾಸಿಗೆ ನಿಂತರೆ ನಾನು ಮೂಟೆಗಳ ಹಿಂದಿನಿಂದ ಒಂದು ‘ಊಂ’ ಬಿಡುತ್ತೇನೆ. ಹೇಳಿದ ರೇಟಿಗೆ ಮೂಟೆ ಹೊತ್ತುಕೊಂಡು ಹೋಗುತ್ತಾರೆ.

ಈ ವಿದ್ಯೆಯಿಂದ ನನಗೆ ಹಾಸನದ ಕಾಲೇಜಿನಲ್ಲಿ ದಕ್ಕಿದ್ದು ಮಿಮಿಕ್ರಿ ಸ್ಪರ್ಧೆಯ ಬಹುಮಾನ ಒಂದು ಸ್ಟೀಲ್ ಟಿಫಿನ್ ಡಬ್ಬಿ, ಮತ್ತು ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿದ್ದಕ್ಕೆ ಒಂದು ವಾರ ಮನೆಯಲ್ಲಿ ಕೂರುವ ಭಾಗ್ಯ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಫೋನಿನಲ್ಲಿ ನಾನು ನಾನಾಗಿಯೇ ಮಾತಾಡಿದರೆ ಅವ್ವ, ‘ಯಾರಂಗ್ ಮಾತಾಡ್ತಿದ್ದೀಯ ಈಗ?’ ಎನ್ನುತ್ತಾಳೆ.

ಎರಡು ವರ್ಷದಿಂದ ಈ ವಿದ್ಯೆಗೆ ಮನೆಯಲ್ಲೇ ಒಂದು ಖಾಯಂ ಕೆಲಸ ಸಿಕ್ಕಿತ್ತು. ಅಪ್ಪ ಅಕ್ಕನ ಜೊತೆ ಮಾತು ಬಿಟ್ಟಿದ್ದ.

ಅಕ್ಕ ಮದುವೆಯಾಗಿದ್ದು ತಾನೇ ಮೆಚ್ಚಿದ ಚನ್ನರಾಯಪಟ್ಟಣದ ಹುಡುಗನನ್ನು. ಅವರದು ಕೊಬ್ಬರಿ ವ್ಯಾಪಾರದ ಮನೆ. ಲಿಂಗಪೂಜೆ ಆಗದೆ ಕಾಫಿಯೂ ಇಲ್ಲ. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನೂ ಗೋಡೆಗೆ ಹಾಕುವವರಲ್ಲ. ನಮ್ಮದು ಭಾನುವಾರ ಬಂದರೆ ಬೀದಿಗೆಲ್ಲ ಮಸಾಲೆ ವಾಸನೆ ಹೋಗುವ ಮನೆ. ಮದುವೆಗೆ ಅಪ್ಪ ಬಂದ, ಧಾರೆ ಎರೆದ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ಹೋದ. ಅಲ್ಲಿಂದಾಚೆಗೆ ಅಕ್ಕ ಮನೆಗೆ ಬಂದರೂ ಅವಳ ಜೊತೆ ನೇರ ಮಾತಿಲ್ಲ. ಅಳಿಯನಿಗೆ ಮಾತ್ರ ಬ್ಯಾಂಕ್ ಮ್ಯಾನೇಜರಿಗೆ ಕೊಡುವಷ್ಟು ಮರ್ಯಾದೆ. ಅದನ್ನು ನೋಡಲು ಇನ್ನೂ ಕಷ್ಟ.

ಹಾಗಾಗಿ ಮಧ್ಯೆ ನಾನು. ಅಕ್ಕ ಎದುರಿಗೇ ಕೂತಿರುತ್ತಾಳೆ, ಅಪ್ಪ ನನ್ನ ಮುಖ ನೋಡಿಕೊಂಡು, ಉಂಡು ಹೋಗಲು ಹೇಳು ಎನ್ನುತ್ತಾನೆ. ನಾನು ಅಕ್ಕನ ಕಡೆ ತಿರುಗಿ ಅದನ್ನೇ ಅಪ್ಪನ ದನಿಯಲ್ಲಿ, ಗಂಟಲು ಸಮೇತ, ಹೇಳುತ್ತೇನೆ. ಅವಳು, ಉಂಡುಕೊಂಡೇ ಬಂದೆ ಎಂದು ಹೇಳು ಎನ್ನುತ್ತಾಳೆ. ನಾನು ಅಪ್ಪನ ಕಡೆ ತಿರುಗಿ ಅವಳ ಮೂಗಿನ ದನಿಯಲ್ಲಿ ಒಪ್ಪಿಸುತ್ತೇನೆ. ಮೊದಮೊದಲು ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಕ್ಕ ಬಸುರಿಯಾದ ಮೇಲೆ ನಗುವುದನ್ನು ನಿಲ್ಲಿಸಿದಳು.

ಯಾಕೆಂದರೆ ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅದಕ್ಕೆ ಹುಡುಗಿಯ ಅಪ್ಪ ಬೀಗರ ಮನೆಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಅಕ್ಕನಿಗೆ ಏಳು ತುಂಬಿದರೂ ಅಪ್ಪ ಆ ಮಾತೆತ್ತಿರಲಿಲ್ಲ. ಬೀಗರೂ ಸುಮ್ಮನಿದ್ದರು. ಅವ್ವ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಮೆತ್ತನೆಯ ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟು, ಬೆಣ್ಣೆ ಕಾಯಿಸಿಟ್ಟುಕೊಂಡು ಕಾಯುತ್ತಿದ್ದಳು. ಅಕ್ಕ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: ‘ಅಪ್ಪ ಬಾಯ್ಬುಟ್ಟು ಕರುದ್ರೆ ಬತ್ತೀನಿ. ಇಲ್ಲಾಂದ್ರೆ ಅತ್ತೆ ಮನೇಲೇ ಆಯ್ತದೆ. ನಂಗೇನ್ ಅಲ್ಲಿ ಕಮ್ಮಿಯಿಲ್ಲ.’

ಅವ್ವನಿಗೆ ಉಪಾಯ ಹೊಳೆದದ್ದು ಅಕ್ಕನ ಬಯಕೆಯಿಂದ. ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ಅಕ್ಕ, ಅಪ್ಪ ಮಾಡುವ ಕೊರವ ಮೀನಿನ ಸಾರು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ ಎಂದಳಂತೆ. ಅವ್ವ ಅದನ್ನು ಅಪ್ಪನ ಕಿವಿಗೆ ಬೀಳುವ ಹಾಗೆ ನನಗೆ ಹೇಳಿದಳು. ಅಪ್ಪ ಪೇಪರ್ ಓದುತ್ತಲೇ ಇದ್ದ, ಆದರೆ ಹಾಳೆ ಮಗುಚಲಿಲ್ಲ. ಚಿಕ್ಕಂದಿನಲ್ಲಿ ಹೇಮಾವತಿಯ ದಂಡೆಗೆ ಗಾಳ ಹಿಡಿದು ಅಪ್ಪನ ಜೊತೆ ಹೋಗುತ್ತಿದ್ದವಳು ಅಕ್ಕ. ನಾನು ಎರೆಹುಳು ಕಂಡರೆ ಮರ ಹತ್ತುತ್ತಿದ್ದ ಗಂಡುಮಗ.

ಉಳಿದದ್ದನ್ನು ಅರಕಲಗೂಡಿನ ನನ್ನ ಗೆಳೆಯ ವಹಿಸಿಕೊಂಡ. ಅಲ್ಲಿನ ಹಿನ್ನೀರಿನ ದಂಡೆಯಲ್ಲಿ ಅವನ ಸೋದರಮಾವನ ಮನೆಯಿದೆ. ಮನೆಯವರು ಯಾವುದೋ ಮದುವೆಗೆ ದಾವಣಗೆರೆಗೆ ಹೋಗಿದ್ದರಿಂದ ಬೀಗದ ಕೈ ಅವನ ಹತ್ತಿರವಿತ್ತು. ಡಿಸೆಂಬರಿನಲ್ಲಿ ಮೂರು ದಿನ ಒಟ್ಟಿಗೆ ರಜೆ ಬಂತು. ಎರಡು ತೆಪ್ಪ, ಬೇಕಾದಷ್ಟು ಗಾಳ, ಕುಟ್ಟಿದ ಮಸಾಲೆ ಎಲ್ಲ ರೆಡಿ ಎಂದ. ಭಾವ ಅಕ್ಕನನ್ನು ಕರೆದುಕೊಂಡು ನೇರ ಅಲ್ಲಿಗೇ ಬರುವುದು, ಮೂರನೇ ದಿನ ಸಂಜೆ ವಾಪಸ್ ಹೊರಡುವುದು ಎಂದಾಯಿತು.

ಅಲ್ಲಿಗೆ ಹೋಗಿ ಮಸಾಲೆಯ ಡಬ್ಬ ಬಿಚ್ಚಿದಾಗಲೇ ಗೊತ್ತಾಗಿದ್ದು. ಆ ರಜೆ ಶನಿವಾರ, ಭಾನುವಾರ, ಸೋಮವಾರ. ಶನಿವಾರ ಅವ್ವನ ತವರಿನ ದೇವರ ವಾರ. ಸೋಮವಾರ ನಮ್ಮ ಮನೆದೇವರ ವಾರ. ವಾರದ ದಿನ ನಮ್ಮಲ್ಲಿ ಮಾಂಸ ಮೀನು ತಿನ್ನುವ ಮಾತಿರಲಿ, ಅದನ್ನು ಬೇಯಿಸಿದ ಪಾತ್ರೆಯನ್ನೂ ಒಳಗಿಡುವುದಿಲ್ಲ. ಮೀನಿನ ರಜೆಗೆಂದು ಬಂದವರಿಗೆ ಮೀನು ತಿನ್ನಲು ಉಳಿದದ್ದು ಒಂದೇ ದಿನ. ಗೆಳೆಯ ತಲೆ ಕೆರೆದುಕೊಂಡು, ‘ಸರ್ಕಾರದೋರು ರಜೆ ಕೊಡಾಗ ನಿಮ್ ಮನೆದೇವ್ರುನ್ನ ಒಂದ್ ಮಾತು ಕೇಳ್ಬೇಕಿತ್ತು ಕಣ್ಲಾ’ ಎಂದ.

ಶನಿವಾರ ಅವರೆಕಾಯಿ ಸಾರು, ಮುದ್ದೆ ಉಂಡು ತೆಪ್ಪ ಹತ್ತಿದೆವು. ತೆಪ್ಪವೆಂದರೆ ದೊಡ್ಡ ಬುಟ್ಟಿ. ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಹುಟ್ಟು ಹಿಡಿದವನು ಕೂತ ಕಡೆಯೇ ಮುಂದೆ. ಗೆಳೆಯ ಹುಟ್ಟು ಹಾಕಿದರೆ ಅದು ಹೇಳಿದ ಮಾತು ಕೇಳಿಕೊಂಡು ಹೋಗುತ್ತಿತ್ತು. ಭಾವನೂ ನಾನೂ ಹಾಕಿದರೆ ನಿಂತಲ್ಲೇ ಗಿರಗಿರ. ಅಪ್ಪ ಹೊಟ್ಟೆಯ ಮೇಲೆ ಬಕಲ್ ಕೂರದ ಲೈಫ್ ಜಾಕೆಟ್ ಹಾಕಿಕೊಂಡು ಉತ್ಸವಮೂರ್ತಿಯ ಹಾಗೆ ನಡುವೆ ಕೂತಿದ್ದ. ಭಾವ ಬೆವರುತ್ತಾ, ಮಾವ, ತಲೆ ಸುತ್ತುತ್ತಿದೆಯಾ ಎಂದು ಕೇಳಿದ.

‘ಇಲ್ಲ, ಇಲ್ಲ. ನೀವ್ ಸುತ್ತಿ’ ಎಂದ ಅಪ್ಪ, ಅದೇ ಬ್ಯಾಂಕ್ ಮ್ಯಾನೇಜರ್ ಮರ್ಯಾದೆಯಲ್ಲಿ.

ಅಕ್ಕ ದಂಡೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಬಸುರಿ ಹೊಳೆ ದಾಟಬಾರದು ಎಂದು ಅವ್ವ ತಡೆದಿದ್ದಳು. ಆದರೆ ಮಗಳ ಮುಖ ನೋಡಿ ಸ್ವಲ್ಪ ಹೊತ್ತಿಗೆ ಅವ್ವನೇ ದಾರಿ ತೆಗೆದಳು. ದಾಟಬಾರದು ಅಷ್ಟೇ, ನೀರ ಮೇಲೆ ಕೂರಬಾರದು ಅಂತ ಎಲ್ಲೂ ಇಲ್ಲವಲ್ಲ. ಗೆಳೆಯ ಎರಡನೇ ತೆಪ್ಪವನ್ನು ಎಮ್ಮೆ ಕಟ್ಟುವ ಹಗ್ಗದಲ್ಲಿ ಹೊಂಗೆಮರಕ್ಕೆ ಬಿಗಿದು ಮೊಣಕಾಲುದ್ದದ ನೀರಿನಲ್ಲಿ ಬಿಟ್ಟ. ಅದರಲ್ಲಿ ಎರಡು ದಿಂಬು, ಒಂದು ಅಕ್ಕ, ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ಒಂದು ಬಟ್ಟಲು. ಅಷ್ಟಕ್ಕೇ ಅವಳ ಮುಖ ಅರಳಿತು. ಭಾವ ಪ್ಯಾಂಟು ಮಡಚಿ ನೀರಿನಲ್ಲಿ ನಿಂತು ತೆಪ್ಪವನ್ನು ತೊಟ್ಟಿಲಿನ ಹಾಗೆ ತೂಗುತ್ತಿದ್ದ. ಅಪ್ಪ ನಮ್ಮ ತೆಪ್ಪದಿಂದ ಅದನ್ನು ನೋಡಿದ. ನಾನು ನೋಡಿದೆನೆಂದು ಗೊತ್ತಾದ ಕೂಡಲೇ ಆಕಾಶ ನೋಡಿದ.

ಭಾನುವಾರವೇ ನಮ್ಮ ದಿನ. ಆದರೆ ಆ ಸುದ್ದಿ ಮೀನುಗಳಿಗೆ ಮುಟ್ಟಿರಲಿಲ್ಲ. ಬೆಳಗಿನಿಂದ ಗಾಳಿ ಬೀಸುತ್ತಿತ್ತು, ನೀರೆಲ್ಲ ಅಲೆ. ಗೆಳೆಯ ನಮ್ಮನ್ನು ಒಳಕ್ಕೆ, ಪಕ್ಕಕ್ಕೆ, ಮತ್ತೆ ಒಳಕ್ಕೆ ಕರೆದೊಯ್ದ. ನಾನು ಬೇಸರ ಕಳೆಯಲು ರೇಡಿಯೋದ ಕ್ರಿಕೆಟ್ ಕಾಮೆಂಟರಿಯ ದನಿಯಲ್ಲಿ ಮೀನು ಬೇಟೆಯ ನೇರ ಪ್ರಸಾರ ಶುರು ಮಾಡಿದೆ. ಬೋಲ್ಡ್ ಆಗುವ ಬ್ಯಾಟ್ಸ್‌ಮನ್ನಿನ ಸ್ಥಾನದಲ್ಲಿ ಅಪ್ಪ. ಎರಡು ಓವರ್ ಆಗಿರಬೇಕು. ನೀನು ಬಾಯಿ ಮುಚ್ಚಿದರೆ ಮೀನು ಬಾಯಿ ತೆರೆಯುತ್ತದೆ ಎಂದು ಅಪ್ಪ ಪ್ರಸಾರ ನಿಲ್ಲಿಸಿದ. ನಾನು ಮುಚ್ಚಿದೆ. ಮೀನೂ ಮುಚ್ಚಿಕೊಂಡೇ ಇತ್ತು. ಆವತ್ತು ಸಿಕ್ಕಿದ್ದು ಒಂದು ಏಡಿ. ಅದೂ ಗಾಳಕ್ಕಲ್ಲ, ದಂಡೆಯಲ್ಲಿ ಒಣಗಲು ಹಾಕಿದ್ದ ಭಾವನ ಟವೆಲ್ಲಿಗೆ.

ಸಂಜೆ ಗೆಳೆಯ ಊರೊಳಗಿಂದ ಒಂದು ನಾಟಿಕೋಳಿ ತಂದ. ಅದು ಬೇಯುವ ವಾಸನೆಗೇ ಅಕ್ಕನಿಗೆ ಹೊಟ್ಟೆ ತೊಳಸಿ, ಜಗಲಿಯಲ್ಲಿ ಕೂತು ಮೊಸರನ್ನ ಕಲಸಿಕೊಂಡು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಅಪ್ಪ ಆ ತಟ್ಟೆಯನ್ನೇ ನೋಡಿದ. ಆಮೇಲೆ ಗಾಳದ ಕಟ್ಟು ತೆಗೆದು ಕೊಕ್ಕೆ ಉಜ್ಜುತ್ತಾ ಕೂತ. ಬೆಳಿಗ್ಗೆ ಬೇಗ ಎಬ್ಬಿಸು ಎಂದ ನನಗೆ. ನಾಳೆ ಸೋಮವಾರ ಎಂದೆ.

‘ತಿನ್ಬಾರ್ದು ಅಷ್ಟೇಯ. ಹಿಡೀಬಾರ್ದು ಅಂತ ಎಲ್ಲೈತ್ಲಾ?’

ಗಂಡ ಹೆಂಡತಿ ಇಬ್ಬರೂ ಒಂದೇ ಲಾ ಕಾಲೇಜಿನಲ್ಲಿ ಓದಿದವರು.

ಸೋಮವಾರ ಗಾಳಿ ನಿಂತಿತ್ತು. ನೀರಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ಅಪ್ಪ ತೆಪ್ಪ ಬೇಡವೆಂದ. ಕೊರವ ಮೀನು ನಡುನೀರಿನದಲ್ಲ, ದಂಡೆಯ ಜೊಂಡಿನಲ್ಲಿ ಅಡಗಿರುವುದು. ಕೊಕ್ಕೆಗೆ ಸಣ್ಣ ಕಪ್ಪೆ ಸಿಕ್ಕಿಸಿ, ಪಂಚೆ ಎತ್ತಿ ಕಟ್ಟಿ ಜೊಂಡಿನ ಪಕ್ಕ ನಿಂತ. ಸ್ವಲ್ಪ ಹೊತ್ತಿಗೆ ಅಕ್ಕ ಶಾಲು ಹೊದ್ದು ಬಂದು ತನ್ನ ಕಟ್ಟಿಹಾಕಿದ ತೆಪ್ಪದಲ್ಲಿ ಕೂತಳು. ಇಬ್ಬರ ನಡುವೆ ಒಂದು ಕಲ್ಲಿತ್ತು. ಅದರ ಮೇಲೆ ನಾನು, ಡ್ಯೂಟಿಗೆ ಹಾಜರಾದೆ.

ಜೊಂಡಿನ ಹೊರಗೆ ಹಾಕಿದರೆ ಏನು ಬರುತ್ತದೆ, ಒಳಗೆ ಹಾಕಲು ಹೇಳು ಎಂದಳು ಅಕ್ಕ. ಒಪ್ಪಿಸಿದೆ. ಒಳಗೆ ಹಾಕಿದರೆ ಗಾಳ ಸಿಕ್ಕಿಕೊಳ್ಳುತ್ತದೆ ಎಂದು ಹೇಳು ಎಂದ ಅಪ್ಪ. ಒಪ್ಪಿಸಿದೆ. ಮೊದಲು ಸಿಕ್ಕಿಕೊಳ್ಳುತ್ತಿರಲಿಲ್ಲವಾ, ಬಿಡಿಸಲು ಯಾರು ಇಳಿಯುತ್ತಿದ್ದರು ಕೇಳು ಎಂದಳು. ಕೇಳಿದೆ. ಅಪ್ಪ ಗಾಳವನ್ನು ಜೊಂಡಿನ ಒಳಕ್ಕೇ ಹಾಕಿದ. ನನ್ನ ಗಂಟಲು ಒಮ್ಮೆ ಟ್ರ್ಯಾಕ್ಟರ್, ಒಮ್ಮೆ ಮೂಗು ಮಾಡಿ ಮಾಡಿ ಕೆರೆಯತೊಡಗಿತ್ತು.

ಆಗ ನೀರಿನಲ್ಲಿ ಬುಳಕ್ ಎಂದು ಸದ್ದಾಯಿತು. ಕೊರವ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಅದು ಬಂದ ಜಾಗ ಅಪ್ಪನಿಗೆ ಕಾಣುವಂತಿರಲಿಲ್ಲ. ಅಕ್ಕನಿಗೆ ಕಂಡಿತು.

‘ಅಪ್ಪಾ, ಎಡಗಡೀಕೆ. ನಿನ್ ಕಾಲತ್ರಾನೇ.’

‘ಕಂಡೆ ಕಣವ್ವ. ಅಲುಗಾಡ್ಬ್ಯಾಡ.’

ನಾನು ಅಭ್ಯಾಸಬಲದಿಂದ ಬಾಯಿ ತೆರೆದಿದ್ದೆ. ಹೊತ್ತೊಯ್ಯಲು ಮಾತೇ ಇರಲಿಲ್ಲ. ಅದು ನನ್ನ ತಲೆಯ ಮೇಲಿಂದ ಆಗಲೇ ಹೋಗಿ ಬಂದಿತ್ತು.

ಅಪ್ಪ ಕಪ್ಪೆಯನ್ನು ಕಾಲ ಹತ್ತಿರ ಕುಣಿಸಿದ. ದಾರ ಬಿಗಿಯಿತು. ಎಳೆದ ರಭಸಕ್ಕೆ ಕೆಸರಿನಲ್ಲಿ ಕಾಲು ಜಾರಿ ಸೊಂಟದುದ್ದದ ನೀರಿನಲ್ಲಿ ಧಪ್ಪನೆ ಕೂತ. ಗಾಳ ಬಿಡಲಿಲ್ಲ. ಅಕ್ಕ ತೆಪ್ಪದಲ್ಲಿ ಮಂಡಿಯೂರಿ ‘ಸಡ್ಲ ಬುಡು, ಈಗ ಎಳಿ, ಸಡ್ಲ ಬುಡು’ ಎನ್ನುತ್ತಿದ್ದಳು, ಅಪ್ಪ ಕೂತಲ್ಲಿಂದಲೇ ಅವಳು ಹೇಳಿದ ಹಾಗೆ ಮಾಡುತ್ತಿದ್ದ. ಗೆಳೆಯ ಗೋಣಿಚೀಲ ಹಿಡಿದು ಓಡಿ ಬಂದ. ನಾನು ಕಲ್ಲಿನ ಮೇಲೆ ನಿಂತುಕೊಂಡೇ ಬಹಳ ಸಹಾಯ ಮಾಡಿದೆ. ಕೊನೆಗೆ ದಂಡೆಗೆ ಬಂದದ್ದು ಮೊಳಕ್ಕಿಂತ ಉದ್ದದ ಕರೀ ಮೀನು, ಹಾವಿನಂಥ ತಲೆ, ಯಾರ ಮೇಲೋ ಸಿಟ್ಟಾಗಿರುವ ಕಣ್ಣು.

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅಪ್ಪ ಅಕ್ಕ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, ನೆಲ ಒದ್ದೆಯಿದೆ, ಇಳಿಯುವಾಗ ಹುಷಾರು ಎಂದು ಹೇಳು ಎಂದ. ನಾನು ಹೇಳಿದೆ. ಬೇರೆ ಏನು ಮಾಡಲಿ.

ಈಗ ಮೀನಿತ್ತು, ತಿನ್ನುವ ದಿನ ಇರಲಿಲ್ಲ. ಸಂಜೆಗೆ ಅಕ್ಕ ಹೊರಡಬೇಕು, ಹೋಗುವುದು ಮೀನಿನ ಹೆಸರೆತ್ತದ ಮನೆಗೆ. ಐಸಿನಲ್ಲಿಟ್ಟು ಮುಂದಿನ ವಾರಕ್ಕೆ ಎಂದ ಗೆಳೆಯನನ್ನು ಅಪ್ಪ ದುರುಗುಟ್ಟಿ ನೋಡಿದ. ಕೊರವ ಮೀನನ್ನು ಜೀವಂತ ತಂದು ಆಗಲೇ ಮಾಡಬೇಕು. ಉಳಿದ ದಾರಿ ಒಂದೇ. ಅಕ್ಕ ಮಂಗಳವಾರ ಮಧ್ಯಾಹ್ನದವರೆಗೆ ಇರಬೇಕು, ಮೀನೂ ಅಲ್ಲಿಯವರೆಗೆ ಬದುಕಿರಬೇಕು. ಮೀನಿನದು ಕಷ್ಟವಿರಲಿಲ್ಲ. ನೀಲಿ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು, ಮೇಲೆ ಬಿದಿರಿನ ಮಂಕರಿ ಕವುಚಿ ರುಬ್ಬುಗುಂಡು ಹೇರಿದೆವು. ಕಾವಲಿಗೆ ಭಾವನೇ ಮುಂದೆ ಬಂದ. ಬಸುರಿಯ ಗಂಡ ಜೀವ ತೆಗೆಯಬಾರದು, ಜೀವ ಕಾಯಬಾರದು ಅಂತ ಎಲ್ಲೂ ಇಲ್ಲವಲ್ಲ ಅತ್ತೆ ಎಂದ. ನಮ್ಮ ಮನೆಯ ಗಾಳಿ ತಾಗಿತ್ತು ಅವನಿಗೂ. ಮೀನು ಒಳಗಿಂದ ಒಮ್ಮೆ ಗುದ್ದಿದರೆ ಭಾವ ಹೊರಗೆ ಎರಡು ಸಲ ಬೆಚ್ಚುತ್ತಿದ್ದ. ಆದರೂ ನೀರು ಬದಲಿಸುವುದನ್ನು ಬೇರೆಯವರಿಗೆ ಬಿಡಲಿಲ್ಲ.

ಕಷ್ಟ ಇದ್ದದ್ದು ಅಕ್ಕನದು. ಭಾವ ಅವರ ಅಮ್ಮನಿಗೆ ಫೋನ್ ಮಾಡಿ, ಇನ್ನೊಂದು ದಿನ ಇದ್ದು ಬರುತ್ತೇವೆ ಎಂದ. ಆ ಕಡೆಯಿಂದ ಬಂದ ಉತ್ತರವನ್ನು ಮುಖ ಇಳಿಬಿಟ್ಟುಕೊಂಡು ನಮಗೆ ಹೇಳಿದ. ಮಗಳನ್ನು ಇರಿಸಿಕೊಳ್ಳುವವರು ಕೇಳಬೇಕು, ನೀನು ಕೇಳುವುದಲ್ಲ. ನಿಮ್ಮ ಮಾವನವರಿಗೆ ನಮ್ಮ ಮನೆಯ ನಂಬರ್ ಗೊತ್ತಿಲ್ಲವಾ ಎಂದರಂತೆ. ಕೋಪದಿಂದಲ್ಲ, ಬೇಜಾರಿನಿಂದ ಎಂದ. ಅಕ್ಕ ಒಳಗೆ ಹೋಗಿ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬಿ, ಜಗಲಿಯಲ್ಲಿ ಮಲಗಿದಳು.

ಮೀನು ಮುಟ್ಟಿದ್ದಕ್ಕೆ ಅಪ್ಪ ಪೂಜೆಗೆ ಮುಂಚೆ ತಲೆಗೆ ಸ್ನಾನ ಮಾಡಲು ಹೋಗಿದ್ದ. ಅವ್ವ ನನ್ನನ್ನು ಹಿತ್ತಲಿನ ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದಳು. ತನ್ನ ಫೋನನ್ನು ಕೈಗಿಟ್ಟಳು.

‘ನಿಮ್ಮಪ್ಪನಂಗೇ ಮಾತಾಡು. ಒಂದಿನ ಇರ್ಸ್ಕೋತೀನಿ ಅನ್ನು, ಸಾಕು.’

‘ಗೊತ್ತಾದ್ರೆ?’

‘ಏನ್ ಗೊತ್ತಾಯ್ತದೆ, ಅವ್ರು ನಿಮ್ಮಪ್ಪನ್ ದನಿ ಕೇಳಿ ಎರಡ್ ವರ್ಸ ಆಯ್ತು.’

ನನ್ನ ಜನ್ಮದಲ್ಲಿ ಮೊದಲ ಸಲ ಅವ್ವ ಈ ವಿದ್ಯೆಗೆ ಬೆಲೆ ಕೊಟ್ಟಿದ್ದಳು. ಸುಮ್ಮನಿರಲು ಆಗುತ್ತದಾ. ನಂಬರ್ ಒತ್ತಿದೆ. ಅವ್ವನ ಫೋನಿನ ಒಂದು ಗುಣವೆಂದರೆ ಆ ಕಡೆಯವರು ಪಿಸುಗುಟ್ಟಿದರೂ ಇಲ್ಲಿ ಇಡೀ ಹಿತ್ತಲಿಗೆ ಕೇಳಿಸುತ್ತದೆ. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದೆ.

‘ಊಂ. ನಾನು ಕಣಮ್ಮ. ನರಸೀಪುರದೋನು.’

ಆ ಕಡೆಯಿಂದ ಅಕ್ಕನ ಅತ್ತೆ, ‘ಬೀಗ್ರಾ?’ ಎಂದರು. ದನಿ ತಗ್ಗಿತ್ತು.

‘ಊಂ. ಮಗ್ಳು ಇನ್ನೊಂದಿನ ಇಲ್ಲೇ...’

ಉಳಿದರ್ಧವನ್ನು ಅವರಿಗೆ ಬಿಟ್ಟೆ. ಅಪ್ಪನ ಪದ್ಧತಿಯೇ ಅದು.

‘ಇರ್ಲಿ ಬಿಡಿ, ನಿಮ್ಮ ಮಗಳು’ ಎಂದರು. ಗೆದ್ದೆ ಎಂದು ಅವ್ವನಿಗೆ ಹುಬ್ಬು ಕುಣಿಸುವಷ್ಟರಲ್ಲಿ ಮುಂದುವರಿಸಿದರು. ‘ಫೋನ್ ಮಾಡಿದ್ದೀರಿ, ಅದಕ್ಕೇ ಕೇಳ್ತೀನಿ. ಆವತ್ತು ಎಲೆ ಹಾಕಿ ಕಾಯ್ಕೊಂಡಿದ್ವಿ ಬೀಗ್ರೇ. ನೀವು ಉಣ್ಣದೆ ಎದ್ದು ಹೋದ್ರಿ. ನಮ್ಮ ಕಡೆಯಿಂದ ಏನು ತಪ್ಪಾಗಿತ್ತು?’

ನಾನು ‘ಊಂ’ ಎಂದೆ. ಅದು ಉತ್ತರವಲ್ಲ ಎಂದು ನನಗೇ ಗೊತ್ತಾಯಿತು. ಅಪ್ಪನ ಗಂಟಲು, ಅಪ್ಪನ ತಡೆ, ಅಪ್ಪನ ಅರ್ಧ ಮಾತು ಎಲ್ಲ ಬರುತ್ತದೆ ನನಗೆ. ಈ ಪ್ರಶ್ನೆಗೆ ಅಪ್ಪ ಏನು ಹೇಳುತ್ತಾನೆ ಎಂಬುದು ಮಾತ್ರ ನನಗೂ ತಿಳಿದಿರಲಿಲ್ಲ, ಪಕ್ಕದಲ್ಲಿದ್ದ ಅವ್ವನಿಗೂ ತಿಳಿದಿರಲಿಲ್ಲ. ಅವ್ವ ನನ್ನ ಮುಖ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಭುಜದಾಚೆ ನೋಡಿದಳು.

ಅಪ್ಪ ನಿಂತಿದ್ದ. ಒದ್ದೆ ತಲೆ, ಹಣೆಗೆ ವಿಭೂತಿ, ಸೊಂಟಕ್ಕೆ ಟವೆಲ್. ಯಾವಾಗ ಬಂದನೋ ಗೊತ್ತಿಲ್ಲ. ಬೀಳುವ ಏಟಿಗೆ ನಾನು ಕೆನ್ನೆ ಸಿದ್ಧ ಮಾಡಿಕೊಂಡೆ. ಅಪ್ಪ ಕೈ ಚಾಚಿ ಫೋನ್ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ. ‘ಊಂ’ ಎಂದ. ನಿಜವಾದದ್ದು ನನ್ನದಕ್ಕಿಂತ ಸಣ್ಣದಾಗಿತ್ತು.

‘ನಿಮ್ ತಪ್ಪೇನಿಲ್ಲ ಕಣಮ್ಮ. ಎಲೆ ಮುಂದೆ ಕೂತಿದ್ರೆ ಅಳು ಬಂದ್ಬುಡದು. ಅಷ್ಟ್ ಜನದ್ ಮುಂದೆ ಅಳಕ್ಕಾಯ್ತದಾ. ಅದ್ಕೇ ಎದ್ದು ಬಂದ್ಬುಟ್ಟೆ. ಆಮೇಲೆ ಯಾವ್ ಮುಖ ಇಟ್ಕಂಡ್ ಮಾತಾಡ್ಲಿ ಅಂತ ಅಂಗೇ ಉಳ್ಕಂತು.’

ಅವ್ವ ಮೆದೆಗೆ ಕೈ ಊರಿ ನಿಂತಳು. ಎರಡು ವರ್ಷ ಅವಳೂ ನಾನೂ ಅದನ್ನು ಸಿಟ್ಟು ಎಂದುಕೊಂಡಿದ್ದೆವು. ನಾನಂತೂ ಆ ಸಿಟ್ಟನ್ನು ಎಷ್ಟೋ ಸಲ ನಟಿಸಿ ತೋರಿಸಿದ್ದೆ, ಜನ ನಕ್ಕಿದ್ದರು.

ಆಚೆಯಿಂದ ಅತ್ತೆ ಏನೋ ಮೆಲ್ಲಗೆ ಅಂದರು, ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅಪ್ಪನಿಗೆ ಈಗ ನಿಜ ಹೇಳುವ ಚಟ ಹತ್ತಿಬಿಟ್ಟಿತು. ಒಂದು ಮೀನು ಸಿಕ್ಕಿರುವುದನ್ನೂ, ಸೋಮವಾರ ನಮಗೆ ಆಗದಿರುವುದನ್ನೂ, ನಾಳೆ ಮಾಡಿ ತಿನ್ನಿಸಿ ಕಳಿಸುವುದನ್ನೂ, ಮೊಟ್ಟೆ ಮುಟ್ಟದ ಮನೆಯ ಯಜಮಾನಿಗೆ ವಿವರವಾಗಿ ಹೇಳಿದ. ಅವ್ವ ತಲೆ ಚಚ್ಚಿಕೊಂಡಳು. ಆ ಕಡೆ ಅತ್ತೆ ದನಿ ಇನ್ನೂ ತಗ್ಗಿಸಿದರು.

‘ಬಯಕೆ ಅಂದ್ರೆ ತಿನ್ನಿಸಿ. ಸ್ನಾನ ಮಾಡಿಸಿ ಕಳಿಸಿ, ಅಷ್ಟೇ. ನಮ್ಮ ಯಜಮಾನ್ರ ಹತ್ರ ಮಾತ್ರ ಮೀನು ಅಂತ ಅನ್ಬೇಡಿ.’

‘ಊಂ’ ಎಂದ ಅಪ್ಪ. ‘ಮತ್ತೆ ಬಾಣಂತನ...’

ನಿಲ್ಲಿಸಿದ. ಉಳಿದರ್ಧಕ್ಕೆ ಕಾದ. ಆಕೆಯೂ ಕಾದರು. ಆಕೆ ತುಂಬಿಕೊಡುವವರಾಗಿರಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ನಾಲಿಗೆ ತುದಿಯಲ್ಲೇ ಇತ್ತು ಆ ವಾಕ್ಯ, ಅಪ್ಪನ ದನಿಯಲ್ಲೇ. ಹಲ್ಲು ಕಚ್ಚಿ ತಡೆದುಕೊಂಡೆ.

‘ಬಾಣಂತನಕ್ಕೆ ಮಗ್ಳುನ್ನ ನಮ್ಮನೇಗೆ ಕಳ್ಸ್ಕೊಡಿ’ ಎಂದ ಅಪ್ಪ ಕೊನೆಗೆ. ‘ಇದು ಫೋನಲ್ಲಿ ಕರಿಯಾ ಮಾತಲ್ಲ, ಗೊತ್ತು. ನಾನೂ ನಮ್ಮೋಳೂ ಬಂದು ಎಲೆ ಅಡಿಕೆ ಇಟ್ಟು ಕರೀತೀವಿ.’

‘ಬನ್ನಿ’ ಎಂದರು ಅತ್ತೆ. ‘ಉಂಡು, ಆಮೇಲೆ ಕರೀರಿ.’

ಫೋನ್ ಅವ್ವನಿಗೆ ಕೊಟ್ಟು ಅಪ್ಪ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. ‘ನಾನು ಅಂಗಾ ಮಾತಾಡಾದು?’ ಎಂದು ಕೇಳಿದ. ಹೂಂ ಎಂದೆ, ಯಾವ ದನಿಯಲ್ಲಿ ಎಂದು ನೆನಪಿಲ್ಲ. ಗಂಟಲು ಜಾಸ್ತಿಯಾಯಿತು ಎಂದ. ಮನೆಯ ಕಡೆ ಎರಡು ಹೆಜ್ಜೆ ಹಾಕಿ, ‘ಅವ್ಳ್ಗೆ ಹೇ...’ ಎಂದು ನನ್ನ ಕಡೆ ತಿರುಗಿದವನು, ಅಲ್ಲಿಗೇ ಬಿಟ್ಟು, ತಾನೇ ಹೋದ.

ನಾವು ಮೆದೆಯ ಮರೆಯಿಂದ ನೋಡಿದೆವು. ಅಪ್ಪ ಟವೆಲ್ಲಿನಲ್ಲೇ ಜಗಲಿಯ ಕೆಳಗೆ ನಿಂತ. ಅಕ್ಕ ಎದ್ದು ಕೂತಳು. ಅಪ್ಪ ಏನೋ ಹೇಳಿದ, ಅವಳು ಏನೋ ಕೇಳಿದಳು, ಅಪ್ಪ ನೀರಿನ ಕಡೆ ಕೈ ತೋರಿಸಿ ಇನ್ನೂ ಏನೋ ಹೇಳಿದ. ಅಕ್ಕ ಸೆರಗಿನಿಂದ ಮೊದಲು ತನ್ನ ಕಣ್ಣೊರೆಸಿಕೊಂಡು, ಆಮೇಲೆ ಅಪ್ಪನ ತಲೆಯಿಂದ ಇಳಿಯುತ್ತಿದ್ದ ನೀರನ್ನು ಒರೆಸಿದಳು. ಗೆಳೆಯ ನನ್ನ ಪಕ್ಕ ಬಂದು ನಿಂತು, ಏನು ಮಾತಾಡುತ್ತಿದ್ದಾರೆ ಡಬ್ಬಿಂಗ್ ಮಾಡು ಎಂದು ಮೊಣಕೈಯಲ್ಲಿ ತಿವಿದ. ಗಂಟಲು ಕಟ್ಟಿದೆ ಎಂದೆ. ಸುಳ್ಳೇನಲ್ಲ.

ಮಂಗಳವಾರ ಬೆಳಿಗ್ಗೆ ಅಪ್ಪ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಭಾವ ಟಬ್ಬಿನ ಮೇಲಿನ ರುಬ್ಬುಗುಂಡು ತೆಗೆದುಕೊಟ್ಟು, ಮೀನಿನ ಮುಖ ಒಮ್ಮೆ ನೋಡಿ, ಮೊಸರು ತರಬೇಕೆಂದು ಹೇಳಿ ಅರಕಲಗೂಡಿಗೆ ಹೋದ. ಅಡುಗೆಮನೆಯಲ್ಲಿ ಮೊಸರಿತ್ತು. ಯಾರೂ ಹೇಳಲಿಲ್ಲ. ಸಾರು ಕುದಿಯುವಾಗ ಅಕ್ಕನಿಗೆ ಹೊಟ್ಟೆ ತೊಳಸಲಿಲ್ಲ. ಅಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕೊರವ ಮೀನಿಗೆ ಇರುವ ನಾಲ್ಕು ಮುಳ್ಳನ್ನೂ ತಾನೇ ಬಿಡಿಸಿ ಅವಳ ತಟ್ಟೆಗೆ ಹಾಕುತ್ತಾ ಹೋದ. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಲೇ ಇದ್ದಳು. ನನ್ನ ಪಾಲಿಗೆ ಬಾಲ ಬಂತು. ಅದೂ ಅಕ್ಕ ಸಾಕು ಎಂದ ಮೇಲೆ.

ಗುರುವಾರ ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೊರಟೆವು. ಕಾರು ಓಡಿಸುತ್ತಿದ್ದದ್ದು ನಾನು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟಿನ ಅಪ್ಪ, ಹಿಂದೆ ಅವ್ವ, ಅವಳ ತೊಡೆಯ ಮೇಲೆ ಎಲೆ ಅಡಿಕೆ, ಹಣ್ಣು, ಹೂವಿನ ತಟ್ಟೆ. ಊರು ದಾಟುವವರೆಗೆ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಕೇಳಿದ.

‘ಅವತ್ತು ಫೋನಲ್ಲಿ ಶುರು ಮಾಡ್ದಲ್ಲ, ಅದೆಂಗ್ ಅಂದೆ? ಇನ್ನೊಂದ್ಸಲ ಅನ್ನು.’

ಅಂದೆ. ಗಂಟಲು ಸ್ವಲ್ಪ ಕಮ್ಮಿ ಮಾಡಿದೆ. ಅಪ್ಪ ಕಿವಿಗೊಟ್ಟು ಕೇಳಿ, ಒಳಗೆ ಬನ್ನಿ ಅಂದಾಗ ತಾನು ಏನು ಅನ್ನುತ್ತಾನೆ ಎಂದು ಕೇಳಿದ. ಅಪ್ಪನಾಗಿ ಒಂದು ಉತ್ತರ ಹೇಳಿದೆ. ತಾನು ಅಷ್ಟು ಮೆತ್ತಗೆ ಮಾತಾಡುವುದಿಲ್ಲ ಎಂದ. ಮೆತ್ತಗೆ ಮಾತಾಡಿದರೆ ಗಂಟೇನೂ ಹೋಗುವುದಿಲ್ಲ ಎಂದು ಹಿಂದಿನ ಸೀಟಿನಿಂದ ಅವ್ವ ಸೇರಿಸಿದಳು. ಅಪ್ಪ ಆ ಮೆತ್ತನೆಯದನ್ನೇ ಒಂದು ಸಲ ಹೇಳಿ ನೋಡಿದ. ‘ಮಗ್ಳುನ್ನ ಕರ್ಕೊಂಡೋಗಕ್ಕೆ ಬಂದಿದ್ದೀವಿ.’ ಕಡೆಯವರೆಗೂ, ಪೂರ್ತಿ. ಸರಿಯಿಲ್ಲ ಎಂದು ತಾನೇ ತಲೆ ಅಲ್ಲಾಡಿಸಿ ಮತ್ತೆ ಹೇಳಿದ.

ಮುಂದೆ ತೆಂಗಿನಕಾಯಿ ತುಂಬಿದ ಲಾರಿಯೊಂದು ಉಸಿರು ಬಿಡುತ್ತಾ ಹೋಗುತ್ತಿತ್ತು. ದಾರಿ ಬಿಡಿಸಿಕೊಳ್ಳಲು ಹಾರನ್ನಿಗೆ ಕೈ ಹಾಕಿದೆ.

‘ಇರ್ಲಿ ಬುಡ್ಲಾ, ನಿಧಾನಕ್ಕೇ ಓಗು’ ಎಂದ ಅಪ್ಪ. ‘ಇನ್ನೂ ಸರಿಯಾಗ್ ಬರ್ತಾ ಇಲ್ಲ.’

ನಾನು ಗೇರು ಇಳಿಸಿದೆ.